ನಾಲ್ಕನೆಯ ಮನೆ

ನಾನು ಹುಟ್ಟಿದ್ದು ನರಗುಂದದಲ್ಲಿ. ಕೊಟ್ಟದ್ದು ರೋಣದ ಹತ್ತಿರದ ಒಂದು ಹಳ್ಳಿಗೆ. ಪ್ರಾಥಮಿಕ ಶಾಲೆಯ ಅಕ್ಕೋರಾಗಿ ಮೂವತ್ತು ವರ್ಷಕ್ಕೂ ಮೇಲೆ ನೌಕರಿ ಮಾಡಿದ್ದು ಗಜೇಂದ್ರಗಡದಲ್ಲಿ. ಮೂರು ಊರು, ಮೂರು ಮನೆ. ನರಗುಂದದ್ದು ಅಪ್ಪನ ಮನೆ, ಈಗ ತಮ್ಮನದು. ಹಳ್ಳಿಯದು ಮಾವನವರ ಮನೆ, ಈಗ ಭಾವನವರದು. ಗಜೇಂದ್ರಗಡದ್ದು ಬಾಡಿಗೆಯ ಮನೆ. ಈ ಮೂರೂ ಮನೆಗಳ ನೆಲವನ್ನು ನಾನು ಸಾರಿಸಿದ್ದೇನೆ, ಮೂರರ ಹೊಸ್ತಿಲಿಗೂ ರಂಗೋಲಿ ಹಾಕಿದ್ದೇನೆ. ಆದರೆ ಒಂದರ ಉತಾರದಲ್ಲೂ ನನ್ನ ಹೆಸರಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ. ಅರವತ್ತು ವರ್ಷ ತುಂಬುವವರೆಗೆ ಈ ಸಂಗತಿ ನನ್ನ ಗಮನಕ್ಕೇ ಬಂದಿರಲಿಲ್ಲ, ಅದನ್ನು ಹೇಳುತ್ತಿದ್ದೇನೆ. ಗಮನಕ್ಕೆ ಬಂದದ್ದು ಘಟ್ಟದ ಕೆಳಗೆ, ಸಮುದ್ರದ ದಂಡೆಯ ಕುಮಟೆಯಲ್ಲಿ, ನಾಲ್ಕನೆಯ ಮನೆಯೊಂದನ್ನು ಕೊಳ್ಳಲು ಹೋದಾಗ.

ಕುಮಟೆಯ ಹುಚ್ಚು ಹಿಡಿದದ್ದು ನಮ್ಮ ಮನೆಯವರಿಗೆ. ಅವರು ಹೈಸ್ಕೂಲಿನಲ್ಲಿ ಇತಿಹಾಸ, ಭೂಗೋಳ ಕಲಿಸುತ್ತಿದ್ದವರು. ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಗೋಕರ್ಣಕ್ಕೆ ಪ್ರವಾಸ ಹೋದಾಗಲೆಲ್ಲ ಸಮುದ್ರದ ಮುಂದೆ ನಿಂತು, ‘ರಿಟೈರ್ ಆದಮ್ಯಾಲೆ ಇಲ್ಲೇ ಒಂದು ಮನಿ ಮಾಡೂಣು’ ಎಂದು ತಮಗೆ ತಾವೇ ಹೇಳಿಕೊಂಡವರು. ಗಡ್ಡಿ ಮಡ್ಡಿ ನೋಡಿ ನೋಡಿ ಬೇಸತ್ತ ಕಣ್ಣಿಗೆ ನೀರು ಕಂಡರೆ ಹಾಗಾಗುವುದು ಸಹಜ. 2018ರಲ್ಲಿ ನಾನೂ ನಿವೃತ್ತಳಾದೆ. ಗ್ರಾಚ್ಯುಟಿ, ಭವಿಷ್ಯನಿಧಿ ಎಲ್ಲ ಸೇರಿ ಕೈಯಲ್ಲಿ ನಾಲ್ಕು ಕಾಸು ಆಯಿತು. ಅವರ ಹಣ ಮಗಳ ಮದುವೆ, ಮಗನ ಓದಿಗೆ ಕರಗಿತ್ತು, ಉಳಿದದ್ದು ನನ್ನದು. ‘ರೊಕ್ಕ ನಿಂದು, ಮನಿ ನಿನ್ನ ಹೆಸರಿಲೆ ಆಗ್ಲಿ’ ಎಂದರು. ದೊಡ್ಡ ಮನಸ್ಸಿನ ಮಾತೇ. ಆದರೆ ಯಾವ ಊರಲ್ಲಿ ಎಂಬುದನ್ನು ಅವರೇ ಮೊದಲೇ ಗೊತ್ತುಮಾಡಿ ಆಗಿತ್ತು!

ಕುಮಟೆಯ ಹೆಸರು ನನಗೆ ಹೊಸದಲ್ಲ. ನಮ್ಮ ಅಜ್ಜಿ ಕೌದಿಗೆ, ಗಾದಿಗೆ ಹತ್ತಿ ಹಿಂಜಿಸುವಾಗ ‘ಕುಮಟಾ ಹತ್ತಿ’ ಎಂಬ ಮಾತು ಆಡುತ್ತಿದ್ದಳು. ನಮ್ಮ ಎರೆ ಹೊಲದಲ್ಲಿ ಬೆಳೆದ ಹತ್ತಿಗೆ ಸಮುದ್ರದ ದಂಡೆಯ ಊರಿನ ಹೆಸರು ಯಾಕೆ ಬಂತೆಂದು ನಾನು ಎಂದೂ ಕೇಳಲಿಲ್ಲ. ಕುಮಟೆಗೆ ಹೋಗುವ ಬಸ್ಸಿನಲ್ಲಿ ನಮ್ಮ ಇತಿಹಾಸದ ಮಾಸ್ತರರು ಅದನ್ನು ಹೇಳಿದರು. ಮುಂದೆ ನಾನೂ ಓದಿ ತಿಳಿದುಕೊಂಡೆ.

ರೈಲು ಬರುವ ಮುಂಚೆ ನಮ್ಮ ಗದಗ, ರೋಣ, ನವಲಗುಂದ ಸೀಮೆಯ ಹತ್ತಿಗೆ ಸಮುದ್ರವೇ ಹೆದ್ದಾರಿ. ಲಂಬಾಣಿಗರ ಎತ್ತುಗಳ ಬೆನ್ನ ಮೇಲೆ, ರಸ್ತೆ ಆದ ಮೇಲೆ ಚಕ್ಕಡಿಗಳಲ್ಲಿ, ಹುಬ್ಬಳ್ಳಿ, ಶಿರಸಿ ಹಾಯ್ದು, ದೇವಿಮನೆ ಘಟ್ಟ ಇಳಿದು ಅದು ಕುಮಟೆಯ ಬಂದರು ಸೇರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂಬಯಿಯಿಂದ ವಿಲಾಯತಿಯ ಗಿರಣಿಗಳಿಗೆ. ಕೊಳ್ಳುವವನಿಗೆ ಬೆಳೆದ ಹೊಲ ಕಾಣುವುದಿಲ್ಲ, ಹತ್ತಿದ ಬಂದರು ಕಾಣುತ್ತದೆ. ಹಾಗಾಗಿ ಪೇಟೆಯಲ್ಲಿ ನಮ್ಮ ಹತ್ತಿಯ ಹೆಸರು ‘ಕುಂಪ್ಟಾ’ ಎಂದೇ ನಿಂತಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಹೋದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಆಸೆಗೆ ಹತ್ತಿಯಲ್ಲಿ ಕಾಳು, ಮಣ್ಣು ಬೆರೆಸಿ ತೂಕ ಹೆಚ್ಚಿಸುವವರೂ ಹುಟ್ಟಿಕೊಂಡರು. ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸ ತಡೆಯಲೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ಮದ್ರಾಸು ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿಯ ಲೆಕ್ಕವಿತ್ತು. ಹತ್ತಿಯ ಹೊಲ ಒಂದು ಸರಕಾರದಲ್ಲಿ, ಬಂದರು ಇನ್ನೊಂದರಲ್ಲಿ ಇದ್ದರೆ ವ್ಯಾಪಾರ ಹೇಗೆ ನಡೆದೀತು? ಕಾರವಾರದ ಬಂದರು, ಘಟ್ಟದ ರಸ್ತೆಗಳು ಅಭಿವೃದ್ಧಿಯಾದದ್ದು ಆ ಕಾಲದಲ್ಲೇ. ಅಂದರೆ ನಮ್ಮ ಬಯಲುಸೀಮೆಯನ್ನೂ ಆ ಕರಾವಳಿಯನ್ನೂ ಒಂದೇ ನೊಗಕ್ಕೆ ಕಟ್ಟಿದ್ದು ನಮ್ಮ ಹೊಲದ ಹತ್ತಿ.

ಹತ್ತಿ ಇಳಿಸಿದ ಎತ್ತುಗಳು ಬರಿಗೈಲಿ ಬರುತ್ತಿರಲಿಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ ಹೇರಿಕೊಂಡು ಘಟ್ಟ ಹತ್ತುತ್ತಿದ್ದವು. 1880ರ ದಶಕದಲ್ಲಿ ಗದಗ, ಹುಬ್ಬಳ್ಳಿಗೆ ರೈಲು ಬಂತು, ಅದು ಗೋವೆಯ ಮಾರ್ಮಗೋವಾ ಬಂದರನ್ನು ಸೇರಿತು. ಕುಮಟೆಯ ಹಡಗುಗಳು ಕಡಿಮೆಯಾದವು. ಮುಂದೆ ಆ ಕಡೆಯವರೇ ಅನ್ನಕ್ಕಾಗಿ ಊರು ಬಿಟ್ಟು ಮುಂಬಯಿ ಸೇರುವಂತಾಯಿತು. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಜೀವಮಾನದ ಬಹುಭಾಗ ಮುಂಬಯಿಯಲ್ಲಿ ಕಳೆದೂ ಕಥೆಯಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೇ ಮರಳಿದವರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಹೋಗುವ, ಬರುವ ದಾರಿ ಎರಡೂ ಸುಲಭವಾದವು. ಮಕ್ಕಳು ಪರಊರು ಸೇರಿ ಖಾಲಿಯಾದ ಮನೆಗಳನ್ನು ನಮ್ಮಂಥ ನಿವೃತ್ತರು ಹುಡುಕಿಕೊಂಡು ಹೋಗತೊಡಗಿದರು.

ಈ ಇತಿಹಾಸದಲ್ಲಿ ಒಂದು ಸಣ್ಣ ಸಂಗತಿ ನನ್ನ ಮನಸ್ಸಿನಲ್ಲಿ ಉಳಿಯಿತು. ಹತ್ತಿ ಬಿಡಿಸುತ್ತಿದ್ದವರು ಹೆಂಗಸರು. ಯಂತ್ರ ಬರುವ ಮುಂಚೆ ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಕಾಳು ಬೇರೆ, ಅರಳೆ ಬೇರೆ ಮಾಡುತ್ತಿದ್ದವರೂ ಹೆಂಗಸರೇ. ಬೆಳೆದ ಊರಿನ ಹೆಸರೇ ಇಲ್ಲದ ಹತ್ತಿಗೆ ಬಿಡಿಸಿದವಳ ಹೆಸರು ಎಲ್ಲಿಂದ ಬರಬೇಕು!

2019ರ ಜನವರಿಯಲ್ಲಿ ನಾವು ಹೋಗಿ ನೋಡಿದ ಮನೆ ಸಮುದ್ರದಿಂದ ಒಂದು ಮೈಲಿ ಒಳಗಿತ್ತು. ಕೆಂಪು ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಮುಂದೆ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಿಲಲ್ಲಿ ಹನ್ನೆರಡು ತೆಂಗು, ಬಾವಿ. ಬಾವಿಯಲ್ಲಿ ಬಗ್ಗಿದರೆ ನೀರು! ನಾನಂತೂ ಅದನ್ನೇ ನೋಡುತ್ತ ನಿಂತುಬಿಟ್ಟೆ. ವರ್ಷಕ್ಕೆ ಆರು ನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಾವು ಕೊಡ ಹೊತ್ತು ಹೊತ್ತು ಸೊಂಟ ಸವೆಸಿಕೊಂಡವರು. ಅಲ್ಲಿ ಅದರ ಐದಾರು ಪಟ್ಟು ಸುರಿಯುತ್ತದೆ. ಮನೆಗಳನ್ನು ನೋಡಿದರೇ ಅದು ತಿಳಿಯುತ್ತದೆ. ನಮ್ಮವು ಚಪ್ಪಟೆ ಮಾಳಿಗೆಯ ಮನೆ. ಮೇಲೆ ಮಣ್ಣು ಹಾಕಿ ಬಿಸಿಲನ್ನು ತಡೆಯುವುದೇ ಅವುಗಳ ಕೆಲಸ. ಅವರವು ಇಳಿಜಾರಿನ ಮಾಡು. ನೀರನ್ನು ಆಚೆ ದಾಟಿಸುವುದೇ ಅವುಗಳ ಕೆಲಸ. ನಮ್ಮಲ್ಲಿ ಪಡಸಾಲೆಯ ಕೆಳಗೆ ಹಗೇವು ತೋಡಿ ಜೋಳ ತುಂಬುತ್ತಿದ್ದರು. ಅವರಲ್ಲಿ ನೆಲ ತೋಡಿದರೆ ನೀರು ಬಂದೀತು.

ಹಗೇವಿನ ಮಾತು ಬಂದದ್ದರಿಂದ ಹೇಳುತ್ತೇನೆ. ನರಗುಂದದಲ್ಲೇ ಮನೆ ಕೊಳ್ಳಬಾರದೇಕೆ ಎಂದು ನಾನು ಕೇಳದೆ ಇರಲಿಲ್ಲ. ಆದರೆ ಅದೇ ವರ್ಷದ ಮಳೆಗಾಲದಿಂದೀಚೆಗೆ ನರಗುಂದದ ಹಳೆಯ ಓಣಿಗಳಲ್ಲಿ ನೆಲ ಕುಸಿಯತೊಡಗಿದ್ದು ನಿಮಗೂ ಪತ್ರಿಕೆಯಿಂದ ಗೊತ್ತಿರಬಹುದು. ಕಟ್ಟೆಯ ಮೇಲೆ ಕೂತವರ ಮುಂದೆಯೇ ಓಣಿಯಲ್ಲಿ ಬಾವಿಯಂಥ ಗುಂಡಿ ಬಿದ್ದದ್ದುಂಟು. ಹಿಂದಿನವರು ತೋಡಿ ಮರೆತ ಹಗೇವುಗಳು ಕೆಳಗಿವೆ, ಅಂತರ್ಜಲ ಮೇಲೇರಿ ಆ ಮಣ್ಣು ಸಡಿಲಾಗಿದೆ ಎಂಬುದೇ ಕಾರಣವೆಂದರು. ಸವದತ್ತಿಯ ನವಿಲುತೀರ್ಥದ ಅಣೆಕಟ್ಟು 1972ರಲ್ಲಿ ಮುಗಿದು ಮಲಪ್ರಭೆಯ ಕಾಲುವೆ ಬಂದ ಮೇಲೆ ಬದಲಾದದ್ದು ಹೊಲವೊಂದೇ ಅಲ್ಲ. ನನ್ನ ತವರಿನ ಪಡಸಾಲೆಯ ಕೆಳಗೂ ಒಂದು ಹಗೇವಿತ್ತು. ಬೇಸಿಗೆ ರಜೆಯಲ್ಲಿ ಅದರ ಬಾಯಿ ತೆರೆದಾಗ ಬರುತ್ತಿದ್ದ ಜೋಳದ ಬೆಚ್ಚನೆಯ ವಾಸನೆ ಇನ್ನೂ ಮೂಗಿನಲ್ಲಿದೆ.

ಇರಲಿ, ಕುಮಟೆಯ ಮನೆಗೆ ಬರೋಣ. ಬೆಲೆ ನಮ್ಮ ಕೈಗೆ ಎಟಕುವಂತಿತ್ತು. ಮಾಲಕರು ಮೂವರು ಅಣ್ಣತಮ್ಮಂದಿರು. ಒಬ್ಬರು ಮುಂಬಯಿ, ಒಬ್ಬರು ಹುಬ್ಬಳ್ಳಿ, ಒಬ್ಬರು ಶಿರಸಿ. ಮೂವರೂ ಸಜ್ಜನರು. ಐವತ್ತು ಸಾವಿರ ಕೊಟ್ಟು ಸಂಚಗಾರ ಪತ್ರ ಮಾಡಿಕೊಂಡೆವು. ಕಾಗದ ನೋಡಲು ಅಲ್ಲಿಯ ವಕೀಲರೊಬ್ಬರನ್ನು ಹಿಡಿದೆವು. ಸಮುದ್ರದ ದಂಡೆಯಲ್ಲಿ ಮನೆ ಕೊಳ್ಳುವವರು ಮೊದಲು ನೋಡಬೇಕಾದದ್ದು ಭರತದ ಗೆರೆಯಿಂದ ಮನೆ ಎಷ್ಟು ದೂರವಿದೆ ಎಂಬುದನ್ನು ಎಂದರು ಅವರು. ಕೇಂದ್ರ ಸರಕಾರ 1991ರ ಫೆಬ್ರುವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿದಂದಿನಿಂದ ದಂಡೆಯ 500 ಮೀಟರಿನೊಳಗೆ ಕಟ್ಟುವುದಕ್ಕೆ ನಿರ್ಬಂಧಗಳಿವೆ. 2011ರಲ್ಲಿ, 2019ರಲ್ಲಿ ಅವು ಬದಲಾದವು. ನಮ್ಮ ಮನೆ ಅದರಾಚೆಗಿತ್ತು. ಎರಡನೆಯದು ಉತಾರ, ಮೂರನೆಯದು ಇ.ಸಿ. ಅವೂ ಸರಿ ಇದ್ದವು. ಕೊನೆಗೆ ವಕೀಲರು ಕನ್ನಡಕ ಮೇಲಕ್ಕೆ ಸರಿಸಿ ಕೇಳಿದರು: ‘ಹಿಂದಿನ ಕೋಣೆಯಲ್ಲಿ ಇರುವವರು ಯಾರು?’

ಇದ್ದವರು ಆ ಮೂವರ ಅಕ್ಕ. ಮದುವೆಯಾದ ನಾಲ್ಕು ವರ್ಷಕ್ಕೆ ಗಂಡನನ್ನು ಕಳೆದುಕೊಂಡು 1974ರಲ್ಲಿ ತವರಿಗೆ ಬಂದವರು. ತಂದೆ ತಾಯಿಗಳ ಕೊನೆಗಾಲ ನೋಡಿದವರು, ತಮ್ಮಂದಿರ ಬಾಣಂತನಗಳನ್ನು ಮಾಡಿದವರು, ನಲವತ್ತೈದು ವರ್ಷ ಆ ಮನೆಗೆ ದೀಪ ಹಚ್ಚಿದವರು. ನಾವು ಮನೆ ನೋಡಲು ಹೋದಾಗ ನಮಗೆ ಅವಲಕ್ಕಿ, ಮಜ್ಜಿಗೆ ಕೊಟ್ಟವರು ಅವರೇ. ಕೆಲಸದವರೇನೋ ಎಂದು ತಿಳಿದಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಉತಾರದಲ್ಲಿ ಮೂವರು ಗಂಡಸರ ಹೆಸರಿತ್ತು, ಅವರದಿರಲಿಲ್ಲ. ‘ಅವರ ಸಹಿ ಇಲ್ಲದೆ ಖರೀದಿ ಬೇಡ’ ಎಂದರು ವಕೀಲರು. ಅಣ್ಣತಮ್ಮಂದಿರು, ‘ಅಯ್ಯೋ, ಅಕ್ಕ ಏನೂ ಅನ್ನೂದಿಲ್ಲ, ಹಕ್ಕು ಬಿಟ್ಟ ಪತ್ರ ಬರಕೊಡ್ತಾಳೆ, ಶಿರಸಿಯಲ್ಲಿ ತಮ್ಮನ ಮನೆಯಲ್ಲಿ ಇರ್ತಾಳೆ’ ಎಂದರು. ಆಮೇಲೆ ಒಬ್ಬರು ನನ್ನ ಕಡೆ ತಿರುಗಿ, ‘ಅಕ್ಕೋರೆ, ನೀವು ಹೆಣ್ಣುಮಕ್ಕಳು. ನೀವೇ ಒಂದು ಮಾತು ಹೇಳಿಬಿಡಿ’ ಎಂದರು.

ಆ ಮಾತು ನನಗೆ ಎಲ್ಲೋ ಕೇಳಿದ ಮಾತೆನಿಸಿತು. ಎಲ್ಲಿ ಎಂಬುದನ್ನು ಹೇಳುವ ಮುಂಚೆ ಹೆಣ್ಣಿಗೂ ಮನೆಗೂ ಕಾಯ್ದೆ ಏನು ಸಂಬಂಧ ಕಲ್ಪಿಸಿತ್ತೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ನಾನು ಇದನ್ನೆಲ್ಲ ಓದಿದ್ದು ಆ ಮೇಲೆ.

ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆಯೊಂದು ಬಂದಿತ್ತು. ಆದರೆ ನರಗುಂದ, ರೋಣ, ಕುಮಟೆ ಎಲ್ಲ ಮುಂಬಯಿ ಪ್ರಾಂತ್ಯ. ನಮಗೆ ಆ ಕಾಯ್ದೆ ಇಲ್ಲ. 1937ರಲ್ಲಿ ಇಡೀ ಬ್ರಿಟಿಷ್ ಹಿಂದುಸ್ತಾನಕ್ಕೆ ಬಂದ ಕಾಯ್ದೆ ವಿಧವೆಗೆ ಗಂಡನ ಪಾಲು ಕೊಟ್ಟಿತು. ಕೊಟ್ಟದ್ದು ಬದುಕಿರುವವರೆಗೆ ಅನುಭವಿಸಲು. ತನ್ನಿಷ್ಟದಂತೆ ಮಾರುವ ಹಕ್ಕಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣಿನ ಆಸ್ತಿಯನ್ನು ಪೂರ್ತಿ ಅವಳದೇ ಎಂದಿತು, ತಂದೆಯ ಪಾಲಿನಲ್ಲಿ ಮಗಳಿಗೂ ಭಾಗ ಎಂದಿತು. ಆದರೆ ಅದರ 23ನೆಯ ಕಲಮು ನೋಡಿ: ಮನೆಮಂದಿ ವಾಸಿಸುವ ಮನೆಯನ್ನು ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಗಳು ಪಾಲು ಕೇಳುವಂತಿಲ್ಲ. ಮದುವೆಯಾಗದವಳು, ಗಂಡ ಬಿಟ್ಟವಳು, ಗಂಡನಿಂದ ಬೇರೆಯಾದವಳು ಅಥವಾ ವಿಧವೆಯಾದರೆ ಅಲ್ಲಿ ಇರಬಹುದು. ಹೊಲದಲ್ಲಿ ಭಾಗವುಂಟು, ಹಣದಲ್ಲಿ ಭಾಗವುಂಟು; ಮನೆ ಮಾತ್ರ ಅವರು ಒಡೆದಾಗಲೇ! ಕುಮಟೆಯ ಆ ಅಕ್ಕ ನಲವತ್ತೈದು ವರ್ಷ ಇದ್ದದ್ದು ಹೀಗೆ, ಇರಬಹುದು, ಕೇಳುವಂತಿಲ್ಲ.

ಕರ್ನಾಟಕ ಸರಕಾರ 1994ರ ಜುಲೈ 30ರಿಂದ ಜಾರಿಗೆ ಬರುವಂತೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತು. ಅದಕ್ಕಿಂತ ಮುಂಚೆ ಮದುವೆಯಾದವರಿಗೆ ಅದು ಇಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ತಿದ್ದುಪಡಿ ಬಂತು. ಮದುವೆಯಾಗಲಿ ಬಿಡಲಿ, ಮಗಳು ಮಗನಿಗೆ ಸಮ ಎಂದಿತು, ಆ 23ನೆಯ ಕಲಮನ್ನೂ ತೆಗೆದುಹಾಕಿತು. ತಂದೆ ಮೊದಲೇ ತೀರಿಕೊಂಡಿದ್ದರೆ ಹೇಗೆ ಎಂಬ ಜಗಳ ಮಾತ್ರ ಉಳಿಯಿತು. ನಾವು ಕುಮಟೆಗೆ ಹೋದಾಗ ಮಗಳ ಪಾಲು ಎಷ್ಟು ಎಂಬುದರಲ್ಲಿ ತೀರ್ಪುಗಳಲ್ಲೇ ಭಿನ್ನಾಭಿಪ್ರಾಯವಿತ್ತು. ಪಾಲು ಇದೆ ಎಂಬುದರಲ್ಲಿ ಇರಲಿಲ್ಲ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅದನ್ನೂ ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬಂದದ್ದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದಿತು. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಣಿಯಾಗಿ ಮುಗಿದುಹೋದ ಪಾಲುಪಟ್ಟಿಗಳನ್ನು ಕಾಯ್ದೆ ಕೆದಕುವುದಿಲ್ಲ.

ನನ್ನದು ಮುಗಿದುಹೋದದ್ದು. ಅಪ್ಪ 1991ರಲ್ಲಿ ತೀರಿಕೊಂಡ. ಮರುವರ್ಷ ಪಂಚಮಿಗೆ ಹೋದಾಗ ತಮ್ಮ ಒಂದು ಕಾಗದ ತಂದಿಟ್ಟ. ಅವ ಏನೂ ಹೇಳಲಿಲ್ಲ. ಅವ್ವನೇ ಒಳಗೆ ಕರೆದು, ‘ನೀ ನೌಕರಿ ಮಾಡಾಕಿ, ನಿನಗೇನ ಕಡಿಮಿ ಐತವ್ವಾ. ಸಹಿ ಮಾಡಿಬಿಡು. ತವರ ಬಾಗಲಾ ತೆರದಿರಬೇಕಂದ್ರ ಇಷ್ಟು ಮಾಡಬೇಕ’ ಎಂದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಕೇಳಿಯೇ ಬೆಳೆದವಳು ನಾನು. ಕಚೇರಿಗೆ ಹೋಗಿ ಸಹಿ ಮಾಡಿದೆ, ಅವ್ವ ಒಂದು ಇಳಕಲ್ಲ ಸೀರೆ ಉಡಿಸಿದಳು, ಹೋಳಿಗೆ ಉಂಡು ಬಂದೆ. ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ. ನಮ್ಮಂಥ ನೌಕರಿ ಮಾಡುವ ಹೆಣ್ಣುಮಕ್ಕಳು ಆಗ ಬಹುಮಂದಿ ಮಾಡಿದ್ದು ಅದನ್ನೇ. ನೀವೂ ಮಾಡಿರಬಹುದು.

ನಮ್ಮೂರು ಹಕ್ಕಿಗೆ ಹೆಸರಾದ ಊರು. ದತ್ತಕ ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಲಿಲ್ಲವೆಂದು 1858ರಲ್ಲಿ ಅವರ ಮೇಲೆದ್ದ ಬಾಬಾಸಾಹೇಬ ಭಾವೆಯ ಊರು. ಸಾಲೆಯಲ್ಲಿ ನಾನೇ ಆ ಪಾಠ ಮಾಡಿದ್ದೇನೆ: ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆ, ಕೋಟೆಗೆ ಮುತ್ತಿಗೆ, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ನೀರು ಸರಿಯಾಗಿ ಬಾರದ ಹೊಲಕ್ಕೂ ನೀರಿನ ಕರ ಎಂದಾಗ 1980ರ ಜುಲೈ 21ರಂದು ರೈತರು ಎದ್ದು ಗೋಲಿಬಾರಿಗೆ ಎದೆಕೊಟ್ಟ ಊರೂ ಅದೇ. ಬಾಬಾಸಾಹೇಬನ ಪಾಠದ ಕೊನೆಗೆ ಒಂದು ಸಾಲು ಬರುತ್ತಿತ್ತು. ಅವನ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರೆಂದು. ಅದನ್ನು ನಾನು ಒಂದು ಸಾಲಾಗಿಯೇ ಓದಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಮಗನಿಲ್ಲದ ಮನೆ ಮನೆಯಲ್ಲ, ವಾರಸುದಾರನೆಂದರೆ ಗಂಡೇ ಎಂಬುದರಲ್ಲಿ ಇಂಗ್ಲಿಷ್ ಸರಕಾರಕ್ಕೂ ಬಾಬಾಸಾಹೇಬನಿಗೂ ಜಗಳವಿರಲಿಲ್ಲ. ದತ್ತಕ ಕೂಡಬೇಕೋ ಬಾರದೋ ಎಂಬುದಷ್ಟೇ ಜಗಳ. ಸಂಸ್ಥಾನ ಹೋದ ಮೇಲೆ ಆ ಇಬ್ಬರು ಹೆಂಗಸರು ಹೋಗುವುದಾದರೂ ಯಾವ ಮನೆಗೆ ಎಂದು ನನ್ನ ಮಕ್ಕಳಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳುವಂತೆ ಕಲಿಸಲಿಲ್ಲ.

ಕುಮಟೆಯಲ್ಲಿ ಮಾರನೆಯ ದಿನ ಹಿತ್ತಿಲ ಬಾವಿಯ ಕಟ್ಟೆಯ ಮೇಲೆ ಕೂತು ಆ ಅಕ್ಕನ ಮುಂದೆ ಮಾತು ತೆಗೆದೆ. ಅವರು ತೆಂಗಿನ ಗರಿ ಸೀಳಿ ಹಿಡಿ ಕಟ್ಟುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು.

‘ಸಹಿ ಹಾಕೂದಕ್ಕೆ ನಂದೇನೂ ತಕರಾರಿಲ್ಲ ಅಕ್ಕೋರೆ. ತಮ್ಮಂದಿರು ಯಾವತ್ತೂ ಕೆಟ್ಟದಾಗಿ ನೋಡ್ಲಿಲ್ಲ. ಒಂದು ಕೇಳ್ತೆ, ಬೇಜಾರು ಮಾಡ್ಕಬೇಡಿ. ನೀವು ಹೀಂಗೆ ಸಹಿ ಹಾಕಿದೀರಾ?’

‘ಹಾಕೀನಿ’ ಎಂದೆ.

‘ಹಾಕಿದ ಮೇಲೆ ಆ ಮನೆಗೆ ಹೋದಾಗ ಎಲ್ಲಿ ಕೂತ್ಕಳ್ತೀರಿ?’

ನನಗೆ ಥಟ್ಟನೆ ಉತ್ತರ ಬರಲಿಲ್ಲ. ಅಪ್ಪ ಇದ್ದಾಗ ನರಗುಂದಕ್ಕೆ ಹೋದರೆ ನಾನು ನೇರ ಅಡಿಗೆಮನೆಗೆ ಹೋಗುತ್ತಿದ್ದೆ. ಡಬ್ಬಿ ತೆಗೆದು ಶೇಂಗಾ ಉಂಡಿ ಹುಡುಕುತ್ತಿದ್ದೆ, ಜೋಳದ ಚೀಲದ ಮೇಲೆ ಕೂತು ಅವ್ವನ ಜೊತೆ ಮಾತಾಡುತ್ತಿದ್ದೆ. ಈಗ ಪಡಸಾಲೆಯ ಕುರ್ಚಿಯ ಮೇಲೆ ಕೂಡುತ್ತೇನೆ. ತಮ್ಮನ ಹೆಂಡತಿ ಚಹಾ ತಂದು ಕೊಡುವವರೆಗೆ ಕೂಡುತ್ತೇನೆ. ಅವಳು ಒಳ್ಳೆಯ ಹುಡುಗಿ, ಯಾವತ್ತೂ ಒಳಗೆ ಬರಬೇಡಿ ಅಂದಿಲ್ಲ. ಆದರೂ ಯಾವಾಗಿನಿಂದ ನಾನು ಕುರ್ಚಿಗೆ ಬಂದೆ? ಆ ಸಹಿಯಿಂದಲೇ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

‘ಕುರ್ಚಿ ಮೇಲೆ’ ಎಂದೆ.

ಅವರು ನಕ್ಕರು. ‘ಶಿರಸಿಯಲ್ಲಿ ತಮ್ಮನ ಮನೆಯಲ್ಲೂ ಒಂದು ಕುರ್ಚಿ ಇದೆ’ ಎಂದು ಹಿಡಿ ಕಟ್ಟುವುದನ್ನು ಮುಂದುವರಿಸಿದರು.

ಹೇಳಬೇಕಾದ ಮಾತನ್ನು ನಾನು ಹೇಳಲಿಲ್ಲ. ಬದಲಿಗೆ, ‘ನಿಮ್ಮ ಪಾಲು ಏನೈತಿ ಅಂತ ಮೊದಲ ವಕೀಲರನ್ನ ನೀವ ಕೇಳ್ರಿ. ಕೇಳಿದ ಮ್ಯಾಲೆ ಬಿಡೂದು, ಇಟ್ಟುಕೊಳ್ಳೂದು ನಿಮ್ಮ ಇಚ್ಛೆ. ಏನಂತ ಗೊತ್ತಿಲ್ಲದನ್ನ ಬಿಡಬ್ಯಾಡ್ರಿ’ ಎಂದೆ. ಒಳಗೆ ಬಂದು ತಮ್ಮಂದಿರಿಗೂ ಇದನ್ನೇ ಹೇಳಿದೆ. ಅವರ ಮುಖ ಸಣ್ಣದಾಯಿತು. ನಮ್ಮವರ ಮುಖ ಇನ್ನೂ ಸಣ್ಣದಾಯಿತು.

ಬರುವಾಗ ಶಿರಸಿ ದಾಟುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ, ‘ಐವತ್ತು ಸಾವಿರ ಹೋತು’ ಎಂದರು. ಹುಬ್ಬಳ್ಳಿ ಹತ್ತಿರ ಬಂದಾಗ, ‘ಸಮುದ್ರಾನೂ ಹೋತು’ ಎಂದರು. ಐವತ್ತು ಸಾವಿರ ಹೋಗಲಿಲ್ಲ; ಏಳು ತಿಂಗಳ ಮೇಲೆ ಮರಳಿ ಬಂತು. ಸಮುದ್ರ ಹೋಯಿತು. ನಾಲ್ಕಾರು ತಿಂಗಳು ಮನೆಯಲ್ಲಿ ಅದೊಂದು ಮೌನವಾಗಿ ಉಳಿಯಿತು. ಅವರ ಜೀವಮಾನದ ಆಸೆಯನ್ನು ಯಾರೋ ಪರರ ಅಕ್ಕನಿಗಾಗಿ ಮುರಿದೆನಲ್ಲ ಎಂದು ನನಗೂ ರಾತ್ರಿ ನಿದ್ದೆ ಬಾರದಿದ್ದುದುಂಟು. ಒಂದು ದಿನ ಊಟಕ್ಕೆ ಕೂತಾಗ ಅವರೇ, ‘ನಮ್ಮ ಅಕ್ಕಗಳ ಸಹಿ ನಾವೂ ತೊಗೊಂಡೀವಿ ನೋಡು’ ಎಂದರು. ಅಷ್ಟೇ. ರೊಟ್ಟಿ ಮುರಿದು ಉಂಡೆವು.

2021ರಲ್ಲಿ ಗಜೇಂದ್ರಗಡದಲ್ಲೇ, ಕೋಟೆಯ ಗುಡ್ಡ ಕಾಣುವಂತೆ, ಎರಡು ಕೋಣೆಯ ಮನೆ ಕೊಂಡೆವು. ಮರಾಠರು, ಟಿಪ್ಪು ಸುಲ್ತಾನ 1787ರಲ್ಲಿ ಒಪ್ಪಂದ ಮಾಡಿಕೊಂಡ ಊರು ಇದು ಎಂದು ನಮ್ಮವರು ಬಂದವರಿಗೆಲ್ಲ ಹೇಳುತ್ತಾರೆ. ಸಮುದ್ರವಿಲ್ಲ. ಬೇಸಿಗೆಯಲ್ಲಿ ನಳ ವಾರಗಟ್ಟಲೆ ಬರುವುದಿಲ್ಲ. ಗುಡ್ಡದ ಮೇಲೆ ಗಾಳಿಯ ವಿದ್ಯುತ್ತಿನ ಕಂಬಗಳು ತಿರುಗುವ ಸದ್ದು ರಾತ್ರಿ ಕೇಳಿದರೆ, ಕಣ್ಣು ಮುಚ್ಚಿಕೊಂಡು ಸಮುದ್ರ ಎಂದುಕೊಳ್ಳಬಹುದು ಎಂದು ಅವರೇ ಚೇಷ್ಟೆ ಮಾಡುತ್ತಾರೆ. ಖರೀದಿಯ ದಿನ ಕಚೇರಿಯಲ್ಲಿ ಹೆಬ್ಬೆಟ್ಟಿಟ್ಟು, ಫೋಟೊ ತೆಗೆಸಿಕೊಂಡು, ನನ್ನ ಹೆಸರಿಗೆ ಬಂದ ಉತಾರ ಕೈಗೆ ಬಂದಾಗ ಅದನ್ನು ಮೂರು ಸಲ ಓದಿದೆ. ಅದರಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ. ಒಂದು ನಂಬರು, ಉದ್ದ ಅಗಲ, ಒಂದು ಹೆಸರು.

ಗೃಹಪ್ರವೇಶಕ್ಕೆ ತಮ್ಮ ಬಂದಿದ್ದ. ನರಗುಂದದ ಮನೆಯ ಪಡಸಾಲೆಯ ಗೋಡೆ ಆ ಮಳೆಗಾಲದಲ್ಲಿ ಬಿರುಕು ಬಿಟ್ಟಿತ್ತು. ಕೆಳಗಿನ ಹಗೇವನ್ನು ತುಂಬಿಸಲು ಎರಡು ಟ್ರ್ಯಾಕ್ಟರು ಗರಸು ಬೇಕಾಯಿತೆಂದ. ಮೇಜಿನ ಮೇಲಿದ್ದ ಉತಾರವನ್ನು ತೆಗೆದು ಓದಿದ, ಅಲ್ಲೇ ಇಟ್ಟ. ಊಟವಾದ ಮೇಲೆ ಆಯೇರಿ ಎಂದು ಇಳಕಲ್ಲ ಸೀರೆ ಕೊಟ್ಟು ಕಾಲು ಮುಟ್ಟಿದ. ಸೀರೆ ತೆಗೆದುಕೊಂಡೆ. ಆ ಕಾಗದದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಪಂಚಮಿಗೆ ನರಗುಂದಕ್ಕೆ ಹೋದಾಗ ಮಾತ್ರ ನಾನು ಕುರ್ಚಿಯ ಮೇಲೆ ಕೂಡಲಿಲ್ಲ. ನೇರ ಅಡಿಗೆಮನೆಗೆ ಹೋಗಿ ಉಂಡಿಯ ಡಬ್ಬಿ ತೆಗೆದೆ. ತಮ್ಮನ ಹೆಂಡತಿ, ‘ಅದರಾಗ ಇಲ್ಲ ವೈನಿ, ಮ್ಯಾಲಿನ ಡಬ್ಬ್ಯಾಗ ಅದಾವು’ ಎಂದಳು.

ಕುಮಟೆಯ ಮನೆ ಆಮೇಲೆ ಬೇರೆಯವರಿಗೆ ಮಾರಿತು. ಆ ಅಕ್ಕ ಸಹಿ ಹಾಕಿದರು. ತಮ್ಮ ಪಾಲಿಗೆ ಹಿಂದಿನ ಎರಡು ಕೋಣೆ, ಬಾವಿಯ ನೀರು, ಮೂರು ತೆಂಗಿನಮರ ಬಿಡಿಸಿಕೊಂಡು, ಅವನ್ನು ತಮ್ಮ ಹೆಸರಿಗೆ ಮಾಡಿಕೊಂಡು ಸಹಿ ಹಾಕಿದರು. ಈಗ ಪ್ರತಿ ಜನವರಿಗೆ ನಾವು ಎಂಟು ದಿನ ಹೋಗಿ ಅಲ್ಲೇ ಇಳಿಯುತ್ತೇವೆ. ನಮ್ಮವರು ಸಮುದ್ರ ನೋಡಲು ಹೋಗುತ್ತಾರೆ. ನಾವಿಬ್ಬರೂ ಬಾವಿಯ ಕಟ್ಟೆಯ ಮೇಲೆ ಕೂಡುತ್ತೇವೆ. ಹೋಗುವಾಗ ಜೋಳದ ಹಿಟ್ಟು, ಶೇಂಗಾ ಒಯ್ಯುತ್ತೇನೆ. ಬರುವಾಗ ಅವರು ತೆಂಗಿನಕಾಯಿ, ಸಾಣಿಕಟ್ಟೆಯ ಉಪ್ಪು ಕಟ್ಟಿಕೊಡುತ್ತಾರೆ.

ನಿಮ್ಮ ಮನೆಯ ಉತಾರವನ್ನು ನೀವು ಎಂದಾದರೂ ನೋಡಿದ್ದೀರಾ? ಟ್ರಂಕಿನ ತಳದಲ್ಲಿ, ಹಳೆಯ ಸೀರೆಗಳ ಕೆಳಗೆ ಎಲ್ಲೋ ಇರುತ್ತದೆ. ಜಗಳಕ್ಕಲ್ಲ, ಸುಮ್ಮನೆ ಒಮ್ಮೆ ತೆಗೆದು ಓದಿ. ನಿಮ್ಮ ಮಗಳಿಗೂ ಓದಲು ಕೊಡಿ.